ರೈಲು ದಾರಿಯ ಬಯಲು ಪಾಳಲ್ಲ



ಕಡೂರಿನಿಂದ ಅಜ್ಜಂಪುರಕ್ಕೆ ರೈಲಿನಲ್ಲಿ ಹೋಗಿದ್ದೀರಾ? ಹೋಗಿದ್ದರೆ ಕಿಟಕಿಯ ಪಕ್ಕ ಕುಳಿತು ಏನೇನು ನೋಡಿದಿರಿ? ಕಳೆದ ಕಾರ್ತಿಕ ಮಾಸದಲ್ಲಿ ಒಂದು ಶಾಲೆಯ ಏಳನೆಯ ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಏನೂ ಇರಲ್ಲ ಸಾರ್, ಬರೀ ಬಯಲು, ಪಾಳು ಬಿದ್ದೈತೆ" ಎಂದ. ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ನಿಸರ್ಗದ ಚಿತ್ರ ಬರೆಯಿರಿ ಎಂದಾಗ ಅದೇ ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಒಂದು ನದಿ, ದಡದಲ್ಲಿ ತೆಂಗಿನ ಮರ ಬರೆದರು. ತಮ್ಮ ಊರಿನ ಹುಲ್ಲು ಬಯಲನ್ನು ಒಬ್ಬರೂ ಬರೆಯಲಿಲ್ಲ.

ಇದು ಮಕ್ಕಳ ತಪ್ಪಲ್ಲ. ನಾವು ಮೇಷ್ಟ್ರುಗಳೇ ಮರವಿದ್ದರೆ ನಿಸರ್ಗ, ಮರವಿಲ್ಲದಿದ್ದರೆ ಬಂಜರು ಎಂದು ಕಲಿಸಿಬಿಟ್ಟಿದ್ದೇವೆ. ಈ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ರೈಲು ದಾರಿಯ ಪಕ್ಕದ ತಂತಿ, ಕಂಬ, ಹುಲ್ಲುಗಳಲ್ಲಿಯೇ ಸಾಕ್ಷಿಗಳು ಕುಳಿತಿವೆ. ನವೆಂಬರ್ ತಿಂಗಳು ಅವುಗಳನ್ನು ನೋಡಲು ಒಳ್ಳೆಯ ಕಾಲ.

ಮೊದಲು ದಾರಿಯನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳಿ. ಬೆಂಗಳೂರಿನಿಂದ ಬರುವ ರೈಲು ಕಡೂರು ದಾಟಿ ಬೀರೂರು ಜಂಕ್ಷನ್ ತಲುಪುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ದಾರಿ ಅಜ್ಜಂಪುರ, ಶಿವನಿ, ಹೊಸದುರ್ಗ ರಸ್ತೆಯ ಮೂಲಕ ಚಿಕ್ಕಜಾಜೂರಿಗೆ, ಅಲ್ಲಿಂದ ಮುಂದೆ ಹುಬ್ಬಳ್ಳಿಗೆ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಅಜ್ಜಂಪುರದ ದಾರಿ ಬಯಲು ಸೀಮೆಯದು, ಮಳೆ ಕಡಿಮೆ. ತರೀಕೆರೆಯ ದಾರಿ ಮಲೆನಾಡಿನ ಬಾಗಿಲಿನತ್ತ ಹೋಗುವಂಥದು. ಒಂದೇ ಜಂಕ್ಷನ್ನಿನಿಂದ ಹೊರಟ ಎರಡು ದಾರಿಗಳಲ್ಲಿ ಬೇರೆ ಬೇರೆ ಬೆಳೆ, ಬೇರೆ ಬೇರೆ ಹಕ್ಕಿ. ಇಷ್ಟು ಅನುಕೂಲವಾದ ಪ್ರಯೋಗಶಾಲೆ ಎಷ್ಟು ಜಿಲ್ಲೆಗಳ ಮಕ್ಕಳಿಗೆ ಸಿಕ್ಕೀತು ಹೇಳಿ!

ನವೆಂಬರ್ ಹೊತ್ತಿಗೆ ಮಳೆಗಾಲ ಮುಗಿದು ಆಕಾಶ ತಿಳಿಯಾಗಿರುತ್ತದೆ. ಶರದೃತು ಕೊನೆಗೊಂಡು ಬೆಳಗಿನ ಚಳಿ ಶುರುವಾಗಿರುತ್ತದೆ. ಜೂನ್‌ನಲ್ಲಿ ಚಿಗುರಿದ ಹುಲ್ಲು ಈಗ ಬಲಿತು ಹಳದಿ ಬಣ್ಣಕ್ಕೆ ತಿರುಗಿ ಬೀಜ ಬಿಟ್ಟಿರುತ್ತದೆ. ಮಿಡತೆಗಳು ಬೆಳೆದು ದೊಡ್ಡವಾಗಿರುತ್ತವೆ. ರಾಗಿ ಹೊಲಗಳು ಕೊಯ್ಲಿಗೆ ಬರುತ್ತಿರುತ್ತವೆ. ರೈಲಿನ ಏರಿಗೆಂದು ಹಿಂದೆ ಮಣ್ಣು ತೆಗೆದ ಗುಂಡಿಗಳಲ್ಲಿ ಇನ್ನೂ ಸ್ವಲ್ಪ ನೀರಿದ್ದು, ಅವುಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಸುತ್ತುತ್ತವೆ. ಅಂದರೆ ಕಾಳು ತಿನ್ನುವವರಿಗೂ ಹುಳು ತಿನ್ನುವವರಿಗೂ ಊಟ ಸಿದ್ಧವಾಗಿದೆ. ಹೀಗಿರುವಾಗ ಹಕ್ಕಿಗಳು ಬಾರದೆ ಇದ್ದಾವೆಯೇ?

ತಂತಿಯ ಮೇಲೆ ಕಪ್ಪಗೆ ಹೊಳೆಯುತ್ತ, ಕೊನೆಯಲ್ಲಿ ಕವಲೊಡೆದ ಉದ್ದ ಬಾಲ ಇಳಿಬಿಟ್ಟು ಕುಳಿತಿರುವುದು ಕಾಜಾಣ. ಇದು ನಿಮಗೆಲ್ಲ ಗೊತ್ತು, ದನದ ಬೆನ್ನ ಮೇಲೆ ಸವಾರಿ ಮಾಡುವ ಹಕ್ಕಿ. ಗುಬ್ಬಿಯಷ್ಟೇ ಇದ್ದು ಎಲೆಯ ಹಸಿರು ಬಣ್ಣದ್ದಾಗಿ, ಬಾಲದ ನಡುವೆ ಸೂಜಿಯಂತಹ ಎರಡು ಗರಿ ಇರುವುದು ಕಳ್ಳಿಪೀರ. ಅದು ಹಾರಿ ಹೋಗಿ ಜೇನುನೊಣವನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು, ನೊಣವನ್ನು ಕುಳಿತ ಜಾಗಕ್ಕೆ ತಿಕ್ಕಿ ಕೊಂಡಿಯ ವಿಷ ತೆಗೆದು ನುಂಗುತ್ತದೆ. ಜಾಲಿ ಗಿಡದ ತುದಿಯಲ್ಲಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತೆ ಕಾಣುವ ಹಕ್ಕಿ ಕಳಿಂಗ. ಹಿಡಿದ ಮಿಡತೆ, ಓತಿಕ್ಯಾತಗಳನ್ನು ಜಾಲಿ ಮುಳ್ಳಿಗೆ ಚುಚ್ಚಿ ಇಡುವ ಅಭ್ಯಾಸ ಅದಕ್ಕಿದೆ. ಸಾಲಾಗಿ ಹತ್ತಿಪ್ಪತ್ತು ಪುಟ್ಟ ಹಕ್ಕಿಗಳು ಕುಳಿತು, ಒಮ್ಮೆಲೇ ಎದ್ದು ಗಾಳಿಯಲ್ಲಿ ಬಾಗಿ ಬಳುಕಿ ಹಾರಿದರೆ ಅವು ಅಂಬರಗುಬ್ಬಿಗಳು. ಇವುಗಳಲ್ಲಿ ಹಲವು ಚಳಿಗಾಲ ಕಳೆಯಲು ಉತ್ತರದಿಂದ ಬಂದ ಅತಿಥಿಗಳು.

ಇನ್ನು ನೀಲಕಂಠ. ಇದು ನಮ್ಮ ಕರ್ನಾಟಕದ ರಾಜ್ಯ ಪಕ್ಷಿ. ಕುಳಿತಾಗ ಮಂಕಾದ ಕಂದು ಬಣ್ಣದ, ದಪ್ಪ ತಲೆಯ ಹಕ್ಕಿ. ಇದರಲ್ಲೇನು ವಿಶೇಷ ಎನಿಸುತ್ತದೆ. ಅದು ರೆಕ್ಕೆ ಬಿಚ್ಚಿದ ಕ್ಷಣ ನೋಡಬೇಕು. ಕಡುನೀಲಿ, ತಿಳಿನೀಲಿ ಪಟ್ಟಿಗಳು ಹೊಳೆದು ಕಣ್ಣು ಕೋರೈಸುತ್ತವೆ. ಕಂಬದ ಮೇಲೆ ಅಲ್ಲಾಡದೆ ಕುಳಿತು, ಕೆಳಗಿನ ಹುಲ್ಲಿನಲ್ಲಿ ಮಿಡತೆ ಕದಲಿದೊಡನೆ ಇಳಿದು ಹಿಡಿಯುವುದು ಇದರ ಬೇಟೆಯ ಕ್ರಮ. ಎತ್ತರದ ಕಂಬ ಎಷ್ಟು ಮುಖ್ಯವೋ ಅದರ ಕೆಳಗೆ ತೆರೆದ ನೆಲವೂ ಅಷ್ಟೇ ಮುಖ್ಯ ಎಂಬುದನ್ನು ಗಮನಿಸಿ. ಕೆಳಗೆಲ್ಲ ಪೊದೆ ಬೆಳೆದು ಮುಚ್ಚಿಹೋದರೆ ಅದಕ್ಕೆ ಬೇಟೆ ಕಾಣುವುದೇ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಈಗ ಈ ದಾರಿಯಲ್ಲಿ ವಿದ್ಯುತ್ ರೈಲು ಓಡುತ್ತಿದೆ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಹಕ್ಕಿಗೆ ಏಕೆ ಆಘಾತವಾಗುವುದಿಲ್ಲ? ವಿದ್ಯುತ್ ಹರಿಯಬೇಕಾದರೆ ಎರಡು ಬಿಂದುಗಳ ನಡುವೆ ವೋಲ್ಟ್‌ಗಳ ವ್ಯತ್ಯಾಸ ಬೇಕು. ಹಕ್ಕಿಯ ಎರಡು ಕಾಲುಗಳೂ ಒಂದೇ ತಂತಿಯ ಮೇಲೆ ಇರುವುದರಿಂದ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ದೊಡ್ಡ ಹಕ್ಕಿಯ ರೆಕ್ಕೆ ಒಂದೇ ಹೊತ್ತಿಗೆ ತಂತಿಗೂ ನೆಲಕ್ಕೆ ಸಂಪರ್ಕವಿರುವ ಕಂಬಕ್ಕೂ ತಗುಲಿದರೆ ಅದು ಉಳಿಯುವುದಿಲ್ಲ. ನೆಲದ ಮೇಲೆ ನಿಂತಿರುವ ನಾವಂತೂ ಆ ತಂತಿಯಿಂದ ದೂರವಿರಲೇಬೇಕು. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ವಿದ್ಯುತ್ ಗಾಳಿಯಲ್ಲೇ ಹಾಯಬಲ್ಲದು. ರೈಲು ದಾರಿಯ ಬಳಿ ಗಾಳಿಪಟ ಹಾರಿಸಬೇಡಿ, ಉದ್ದ ಕೋಲು ಹಿಡಿದು ಓಡಾಡಬೇಡಿ.

ತಂತಿಯಿಂದ ಕಣ್ಣು ತೆಗೆದು ಈಗ ಬಯಲಿನತ್ತ ನೋಡೋಣ. ಬೀರೂರು ದಾಟಿ ಅಜ್ಜಂಪುರದ ಕಡೆ ಹೋಗುವಾಗ, ಸಂಜೆ ನಾಲ್ಕರ ಮೇಲೆ, ಹುಲ್ಲಿನ ಮೇಲೆ ಆಳೆತ್ತರದಲ್ಲಿ ಮೆಲ್ಲಗೆ ತೇಲುತ್ತ ಹೋಗುವ ಹಕ್ಕಿಯೊಂದು ಕಂಡೀತು. ಗಾತ್ರ ಹದ್ದಿಗಿಂತ ಚಿಕ್ಕದು, ಮೈ ತೆಳ್ಳಗೆ, ರೆಕ್ಕೆ ಉದ್ದ. ಗಂಡಾದರೆ ಬೂದು ಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣಾದರೆ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಪಕ್ಷಿ ಪುಸ್ತಕಗಳಲ್ಲಿ ಇದಕ್ಕೆ ಸೆಳೆವ ಎಂದು ಹೆಸರು. ಇವು ಮರಿ ಮಾಡುವುದು ಕಜಕಸ್ತಾನದಂತಹ ದೂರದ ಹುಲ್ಲು ಬಯಲುಗಳಲ್ಲಿ. ಎಷ್ಟು ದೂರ ಎಂದು ನೀವೇ ಲೆಕ್ಕ ಹಾಕಬಹುದು. ಕಡೂರು ಇರುವುದು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಜಕಸ್ತಾನದ ಉತ್ತರದ ಬಯಲು ಸುಮಾರು 50 ಡಿಗ್ರಿಯಲ್ಲಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ವ್ಯತ್ಯಾಸವನ್ನು ಗುಣಿಸಿದರೆ 4,000 ಕಿಲೋಮೀಟರಿಗೂ ಹೆಚ್ಚು. ಇದು ನೇರ ಲೆಕ್ಕ, ಹಕ್ಕಿ ಬಳಸಿ ಬರುವ ದಾರಿ ಇನ್ನೂ ಉದ್ದ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ ಅವುಗಳ ಪಯಣವನ್ನು ಅಧ್ಯಯನ ಮಾಡಿದ್ದಾರೆ.

ಅಷ್ಟು ದೂರದಿಂದ ಬಂದ ಸೆಳೆವ ರಾತ್ರಿ ಎಲ್ಲಿ ಮಲಗುತ್ತದೆ ಗೊತ್ತೇ? ಮರದ ಮೇಲಲ್ಲ. ಸಂಜೆಯಾದೊಡನೆ ಒಂದೊಂದಾಗಿ ಬಂದು, ಹತ್ತಾರು ಹಕ್ಕಿಗಳು ಸೇರಿ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ನಾಯಿ, ನರಿ ಬಂದರೆ ದೂರದಿಂದಲೇ ತಿಳಿಯುವಂತೆ ಸುತ್ತಲೂ ಬಯಲೇ ಬೇಕು. ತಿನ್ನಲು ಮಿಡತೆ, ಇಲಿ, ಸಣ್ಣ ಹಕ್ಕಿ ಬೇಕು. ಇವೆಲ್ಲ ಸಿಗುವುದು ಹುಲ್ಲಿನಲ್ಲಿ. ನೆಲಗುಬ್ಬಿಯೂ ಹಾಗೆಯೇ. ಮಣ್ಣಿನ ಬಣ್ಣದ ಈ ಪುಟ್ಟ ಹಕ್ಕಿ ನೆಲದ ಮೇಲೆಯೇ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಟಿಟ್ಟಿಭವೂ ನೆಲದಲ್ಲೇ ಮೊಟ್ಟೆ ಇಡುತ್ತದೆ. ಗೌಜುಗ ಹುಲ್ಲಿನ ಮರೆಯಲ್ಲಿ ಓಡಾಡುತ್ತದೆ. ಇವುಗಳಿಗೆಲ್ಲ ಹುಲ್ಲೇ ಮನೆ.

ಈ ಬಯಲನ್ನು ನಮ್ಮ ಹಿರಿಯರು ಪಾಳು ಎಂದು ಕರೆದಿರಲಿಲ್ಲ. ಕಾವಲು ಎಂದು ಕರೆದರು. ಕಾಯ್ದು ಉಳಿಸಿದ ಜಾಗಕ್ಕೆ ತಾನೇ ಕಾವಲು ಎನ್ನುವುದು? ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಿವು. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಸಾಮಾನು ಸರಂಜಾಮುಗಳನ್ನು ಎಳೆದದ್ದು ಇದೇ ತಳಿಯ ಎತ್ತುಗಳು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ ಇರುವುದು ನಿಮಗೆ ತಿಳಿದೇ ಇದೆ. ದನ ಮೇಯುವ ಕಾವಲಿನಲ್ಲಿ ಕೃಷ್ಣಮೃಗವೂ ಮೇಯುತ್ತಿತ್ತು, ಅದರ ಹಿಂದೆ ತೋಳವೂ ಇರುತ್ತಿತ್ತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಇವೆರಡೂ ಇರುವುದರಿಂದಲೇ 2011ರಲ್ಲಿ ಸರ್ಕಾರ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆದರೆ ಎಲ್ಲ ಕಾವಲುಗಳಿಗೂ ಆ ಭಾಗ್ಯ ಬರಲಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ಬೇರೆ ಕೆಲಸಗಳಿಗೆ ಹಂಚಿಕೆಯಾಯಿತು. ಉಳಿದ ಕಡೆ ಒತ್ತುವರಿ. ಇನ್ನು ಕೆಲವು ಕಡೆ ಒಳ್ಳೆಯ ಉದ್ದೇಶದಿಂದಲೇ ಹಾನಿಯಾಗಿದೆ. ಆ ಹಾನಿ ಮಾಡಿದವರಲ್ಲಿ ನಾನೂ ಒಬ್ಬ.

ಹಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿದ್ದಾಗ ವನಮಹೋತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಊರ ಹೊರಗಿನ ಕಾವಲಿಗೆ ಹೋದೆ. ಸಾಲಾಗಿ ಗುಂಡಿ ತೆಗೆದು ಅಕೇಶಿಯಾ ಸಸಿಗಳನ್ನು ನೆಟ್ಟೆವು. ಭಾಷಣ ಮಾಡಿದೆ, ಫೋಟೋ ತೆಗೆಸಿಕೊಂಡೆವು. ದನ ಕಾಯುತ್ತಿದ್ದ ವಯಸ್ಸಾದ ಒಬ್ಬರು ದೂರದಲ್ಲಿ ನಿಂತು ನೋಡುತ್ತಿದ್ದವರು, ಎಲ್ಲ ಮುಗಿದ ಮೇಲೆ ಹತ್ತಿರ ಬಂದು, "ಇದರ ಸೊಪ್ಪು ದನ ಮುಟ್ಟಲ್ಲ, ಇದರ ಬುಡದಾಗೆ ಹುಲ್ಲೂ ಹುಟ್ಟಲ್ಲ. ಯಾರಿಗೋಸ್ಕರ ನೆಡ್ತಾ ಇದೀರಿ ಮೇಷ್ಟ್ರೇ?" ಎಂದು ಕೇಳಿದರು. ಎಂ.ಎಸ್ಸಿ. ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಮರಗಳಿಂದ ಆಮ್ಲಜನಕ ಎಂದೇನೋ ಹೇಳಿದೆ. ಅವರು ನಕ್ಕು ಸುಮ್ಮನಾದರು. ಆ ಸಸಿಗಳು ಚೆನ್ನಾಗಿಯೇ ಬೆಳೆದವು. ಕೆಳಗೆ ಒಣ ಎಲೆಯ ಹಾಸು ಬಿದ್ದು ಹುಲ್ಲು ಹೋಯಿತು. ಹುಲ್ಲಿನೊಂದಿಗೆ ಮಿಡತೆ ಹೋಯಿತು, ನೆಲಗುಬ್ಬಿ ಹೋಯಿತು. ಮರದ ಮೇಲೆ ಕಾಗೆಗಳು ಬಂದವು. ಎತ್ತರದಲ್ಲಿ ಕುಳಿತ ಕಾಗೆಗೆ ನೆಲದ ಮೇಲಿನ ಗೂಡು ಹುಡುಕುವುದು ಎಷ್ಟು ಸುಲಭ ನೋಡಿ!

ಇದು ಒಂದು ಪುಟ್ಟ ತುಂಡು ನೆಲದ ಕಥೆ. ದೊಡ್ಡ ಪ್ರಮಾಣದಲ್ಲಿ ಏನಾಗುತ್ತದೆ ಎಂದು ನೋಡಬೇಕಾದರೆ ಅದೇ ರೈಲಿನಲ್ಲಿ ಅಜ್ಜಂಪುರದಿಂದ ಮುಂದೆ ದಾವಣಗೆರೆ, ಹರಿಹರ ದಾಟಿ ರಾಣೆಬೆನ್ನೂರಿಗೆ ಹೋಗಬೇಕು. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯ ಘೋಷಣೆಯಾಯಿತು. ಆ ಬಯಲಿನಲ್ಲಿ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯೂ ಇತ್ತು. ಒಂದು ಮೀಟರ್ ಎತ್ತರದ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಒಂದು ಅದು. ಆದರೆ ಅಲ್ಲಿನ ಬಹುಭಾಗ ನೀಲಗಿರಿ ನೆಡುತೋಪಾಗಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಬದುಕಿತು, ಸಂಖ್ಯೆಯಲ್ಲೂ ಹೆಚ್ಚಿತು. ಎರ್ಲಡ್ಡು ಹೊಂದಿಕೊಳ್ಳಲಿಲ್ಲ. ಅದು ಮರೆಯಾಗಲು ಬೇಟೆ, ಉಳುಮೆ ಮುಂತಾದ ಬೇರೆ ಕಾರಣಗಳೂ ಸೇರಿವೆ, ಎಲ್ಲವನ್ನೂ ನೀಲಗಿರಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಬಯಲನ್ನೇ ನಂಬಿದ ಹಕ್ಕಿಗೆ ತೋಪಿನಲ್ಲಿ ಜಾಗವಿಲ್ಲ ಎಂಬುದಂತೂ ನಿಜ.

ಹಾಗಾದರೆ ಮರ ನೆಡುವುದೇ ತಪ್ಪೇ ಎಂದು ಕೇಳುತ್ತೀರಿ. ಅಲ್ಲ. ಬೀರೂರಿಗೆ ಹಿಂದಿರುಗಿ ತರೀಕೆರೆಯ ರೈಲು ಹತ್ತಿ. ಅಡಿಕೆ, ತೆಂಗಿನ ತೋಟಗಳು ಹೆಚ್ಚುತ್ತ ಹೋಗುತ್ತವೆ, ದೂರದಲ್ಲಿ ಬೆಟ್ಟಸಾಲು ಕಾಣುತ್ತದೆ. ಅತ್ತ ಭದ್ರಾ ಅಭಯಾರಣ್ಯವಿದೆ. 1998ರಿಂದ ಅದು ಹುಲಿ ಮೀಸಲು ಪ್ರದೇಶವೂ ಹೌದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಳೆದ ಶತಮಾನದಲ್ಲಿ ಕಿರಿದಾದ ಹಳಿಗಳ ಪುಟ್ಟ ರೈಲೊಂದು ಓಡುತ್ತಿತ್ತು. ಈಗಿಲ್ಲ, ನಿಮ್ಮ ಅಜ್ಜ ಅಜ್ಜಿಯರು ಅದರ ಬಗ್ಗೆ ಏನಾದರೂ ಕೇಳಿದ್ದರೆ ಹೇಳಿಸಿಕೊಳ್ಳಿ. ಈ ಕಡೆ ಬಯಲಿನ ಕಾಜಾಣದ ಬಂಧುವಾದ ಭೀಮರಾಜ ಹಕ್ಕಿ ಇದೆ, ಬಾಲದಲ್ಲಿ ಎರಡು ಉದ್ದ ಎಳೆಗಳನ್ನು ಇಳಿಬಿಟ್ಟುಕೊಂಡು ಹಾರುತ್ತದೆ. ಮರದ ಪೊಟರೆಯಲ್ಲಿ ಗೂಡು ಮಾಡುವ ಕುಟ್ರ ಹಕ್ಕಿ ಇದೆ. ಇವಕ್ಕೆ ಮರವಿಲ್ಲದೆ ಬದುಕಿಲ್ಲ. ಇಲ್ಲಿ ಕಾಡಿನ ಮರ ಕಡಿದರೆ ಎಷ್ಟು ತಪ್ಪೋ ಅಜ್ಜಂಪುರದ ಕಾವಲಿನಲ್ಲಿ ತೋಪು ಬೆಳೆಸುವುದೂ ಅಷ್ಟೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೊಂಗೆ, ಬೇವುಗಳನ್ನು ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ, ಮನೆಯ ಹಿತ್ತಿಲಲ್ಲಿ ಧಾರಾಳವಾಗಿ ನೆಡಿ. ಕಾವಲಿಗೆ ಮಾತ್ರ ಸಸಿ, ಗುದ್ದಲಿ ಹಿಡಿದು ಹೋಗಬೇಡಿ. ಹಿರಿಯರು ಯಾರಾದರೂ ಕರೆದುಕೊಂಡು ಹೊರಟರೆ, "ಇದರ ಬುಡದಲ್ಲಿ ಹುಲ್ಲು ಹುಟ್ಟುತ್ತದೆಯೇ ಸಾರ್?" ಎಂದು ವಿನಯದಿಂದ ಕೇಳಿ. ಒಣಗಿದ ಹುಲ್ಲಿಗೆ ತಮಾಷೆಗೆಂದು ಕಡ್ಡಿ ಗೀರುವ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ, ಅವರಿಗೂ ಸೆಳೆವ ಮಲಗುವ ಜಾಗದ ವಿಷಯ ತಿಳಿಸಿ.

ಮಕ್ಕಳ ಮಾತನ್ನು ಯಾರು ಕೇಳುತ್ತಾರೆ ಎನ್ನಬೇಡಿ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ದೊಡ್ಡ ವರದಿ ಬಂತು. ಅದರಲ್ಲಿ 942 ಜಾತಿಯ ಹಕ್ಕಿಗಳ ವಿಚಾರವಿದೆ. ಆ ವರದಿಗೆ ಆಧಾರ ದೇಶದ 30,000ಕ್ಕೂ ಹೆಚ್ಚು ಪಕ್ಷಿ ವೀಕ್ಷಕರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರು. ಹುಲ್ಲು ಬಯಲಿನಂತಹ ತೆರೆದ ಜಾಗದ ಹಕ್ಕಿಗಳು ವೇಗವಾಗಿ ಕಡಿಮೆಯಾಗುತ್ತಿವೆ, ನೀಲಕಂಠದ ಸಂಖ್ಯೆಯೂ ಇಳಿಯುತ್ತಿದೆ ಎಂದು ಗೊತ್ತಾದದ್ದು ಆ ದಾಖಲೆಗಳಿಂದಲೇ. ನಮ್ಮ ಮೂರು ತಾಲ್ಲೂಕುಗಳ ತಂತಿಗಳ ಮೇಲೆ ಎಷ್ಟು ನೀಲಕಂಠಗಳಿವೆ? ನೀವು ಎಣಿಸಿದರೆ ಗೊತ್ತಾಗುತ್ತದೆ.

ಎಣಿಸುವುದು ಹೇಗೆ ಎಂದು ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಬೇಕು. ಹಳಿಯ ಮೇಲೆ, ಹಳಿಯ ಪಕ್ಕದ ಜಲ್ಲಿಯ ಮೇಲೆ ಯಾರೂ ಕಾಲಿಡಬಾರದು. ಅನುಮತಿಯಿಲ್ಲದೆ ಹಳಿಯ ಮೇಲೆ ಓಡಾಡುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ವಿದ್ಯುತ್ ರೈಲು ಹತ್ತಿರ ಬರುವವರೆಗೆ ಸದ್ದೇ ಕೇಳಿಸುವುದಿಲ್ಲ. ಹಕ್ಕಿ ನೋಡುತ್ತ ಮೈಮರೆತವರಿಗಂತೂ ಕೇಳಿಸುವುದೇ ಇಲ್ಲ. ರೈಲಿನ ಕಿಟಕಿಯಿಂದ, ನಿಲ್ದಾಣದ ಪ್ಲಾಟ್‌ಫಾರ್ಮಿನ ಬೆಂಚಿನಿಂದ, ಹಳಿಗೆ ಸಮನಾಗಿ ಹೋಗುವ ಊರ ರಸ್ತೆಯಿಂದ ನೋಡಿ. ಒಬ್ಬರೇ ಹೋಗಬೇಡಿ, ದೊಡ್ಡವರು ಜೊತೆಗಿರಲಿ.

ರೈಲು ದಾರಿಯ ವಿದ್ಯುತ್ ಕಂಬಗಳ ಮೇಲೆ ಸಂಖ್ಯೆ ಬರೆದಿರುತ್ತಾರೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನಲ್ಲಿ ಕಂಬದ ಕ್ರಮಸಂಖ್ಯೆ. ನೇರವಾದ ಹಳಿಯಲ್ಲಿ ಎರಡು ಕಂಬಗಳ ನಡುವೆ ಹೆಚ್ಚೆಂದರೆ 72 ಮೀಟರ್. ರೈಲ್ವೆಯವರು ನಮಗಾಗಿ ಬಯಲನ್ನೇ ಅಳೆದು ಗುರುತು ಹಾಕಿಕೊಟ್ಟಂತಾಯಿತು! ರಸ್ತೆಯಲ್ಲಿ ನಿಂತು ಓದಲು ಬರುವಂತಹ ಹತ್ತು ಕಂಬಗಳನ್ನು ಆರಿಸಿಕೊಳ್ಳಿ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅದೇ ಹೊತ್ತಿಗೆ ಹೋಗಿ, ಇಪ್ಪತ್ತು ನಿಮಿಷ ನಿಂತು, ಯಾವ ಹಕ್ಕಿ, ಎಷ್ಟು, ತಂತಿಯ ಮೇಲೋ ಕಂಬದ ಮೇಲೋ ನೆಲದ ಮೇಲೋ ಎಂದು ಬರೆಯಿರಿ. ಹೆಸರು ಗೊತ್ತಾಗದಿದ್ದರೆ ಚಿಂತೆಯಿಲ್ಲ. ಗುಬ್ಬಿಗಿಂತ ದೊಡ್ಡದೋ ಚಿಕ್ಕದೋ, ಬಾಲ ಹೇಗಿದೆ, ಏನು ತಿನ್ನುತ್ತಿತ್ತು ಎಂದು ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಿ. ನಿಮ್ಮ ಊರಿನವರು ಆ ಹಕ್ಕಿಯನ್ನು ಏನೆಂದು ಕರೆಯುತ್ತಾರೆ ಎಂದೂ ಬರೆಯಿರಿ, ಪುಸ್ತಕದ ಹೆಸರಿಗಿಂತ ಅದು ನನಗೆ ಹೆಚ್ಚು ಇಷ್ಟ. ರೈಲು ಹಾದುಹೋದಾಗ ಹಾರಿದ ಹಕ್ಕಿ ಎಷ್ಟು ನಿಮಿಷದ ಮೇಲೆ ಹಿಂದಿರುಗಿತು, ಅದೇ ಕಂಬಕ್ಕೆ ಬಂತೇ ಅಥವಾ ಬೇರೆಯದಕ್ಕೆ ಹೋಯಿತೇ ಎಂಬುದನ್ನು ಗಡಿಯಾರ ನೋಡಿ ಗುರುತಿಸಬಹುದು. ಮೊಲ, ಮುಂಗುಸಿ, ಉಡ ಕಂಡರೆ ಅದನ್ನೂ ಸೇರಿಸಿ.

ಒಂದು ಹಕ್ಕಿಯೂ ಕಾಣದ ಶನಿವಾರ ಬಂದರೆ ಪುಟ ಖಾಲಿ ಬಿಡಬೇಡಿ, ದಿನಾಂಕ ಹಾಕಿ ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟರೆ ಅಂದು ಹಕ್ಕಿ ಬರಲಿಲ್ಲವೋ ನೀವು ಹೋಗಲಿಲ್ಲವೋ ಎಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಫೆಬ್ರವರಿ ಕೊನೆಯವರೆಗೆ ಬರೆದ ಪುಸ್ತಕಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರ ಬಳಿ ಕೊಟ್ಟಿರಿ. ಮಾರ್ಚ್‌ನಲ್ಲಿ ಶಾಲೆಗೆ ಬಂದಾಗ ಕಡೂರು, ತರೀಕೆರೆ, ಅಜ್ಜಂಪುರದ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ಓದೋಣ.